ಟೌನ್‌ಹಾಲ್ ಲೆಕ್ಕ: ಡೆಪಾಸಿಟ್ ಯಾಕೆ ಆದಾಯ ಅಲ್ಲ

ನಗರಾಡಳಿತ ಪೇಪರಿಗೆ ಓದ್ತಾ ಇರುವವರಿಗೆ ಇದು. ಸಾರ್ವಜನಿಕ ಸಭಾಂಗಣಗಳ ನಿರ್ವಹಣೆ ಅನ್ನುವ ಪಾಠದಲ್ಲಿ ನಾನು ಎರಡು ದಿನ ಸಿಕ್ಕಿಹಾಕಿಕೊಂಡಿದ್ದೆ, ನಿನ್ನೆ ರಾತ್ರಿ ಅರ್ಥ ಆಯ್ತು, ಮರೆಯುವ ಮೊದಲು ಬರೆದಿಡ್ತೇನೆ.

ಮೊದಲು ಯಾರ ಹಾಲ್, ನಡೆಸುದು ಯಾರು ನೋಡಿ. ಮಂಗಳೂರಿನ ಕುದ್ಮುಲ್ ರಂಗರಾವ್ ಪುರಭವನ ಮಹಾನಗರ ಪಾಲಿಕೆದ್ದು (ದಲಿತ ಮಕ್ಕಳಿಗೆ ಶಾಲೆ ತೆರೆದವರ ಹೆಸರು ಊರಿನ ಟೌನ್‌ಹಾಲಿಗೆ ಉಂಟು ಅನ್ನುದೇ ನಂಗೆ ದೊಡ್ಡ ಸಂಗತಿ). ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ ಕನ್ನಡ ಮತ್ತು ಸಂಸ್ಕೃತಿ ಇಲಾಖೆದ್ದು, ಅದು ಪಾಲಿಕೆಗೆ ಸೇರಿದ್ದಲ್ಲ. 2004ರಲ್ಲಿ ಶುರುವಾದ ಬೆಂಗಳೂರಿನದ್ದೇ ನಾಟಕ ಮಂದಿರ ರಂಗಶಂಕರವನ್ನು ನಡೆಸುದು ಸಂಕೇತ್ ಟ್ರಸ್ಟ್. ಈ ಮೂರು ಮಾದರಿ ತಲೆಯಲ್ಲಿದ್ರೆ ಸಾಕು. ಕಾನೂನು: ಸಂವಿಧಾನದ 74ನೇ ತಿದ್ದುಪಡಿ, 12ನೇ ಅನುಸೂಚಿ, ನಗರಾಡಳಿತಗಳಿಗೆ ವಹಿಸಬಹುದಾದ 18 ವಿಷಯಗಳಲ್ಲಿ 13ನೇದು ಸಾಂಸ್ಕೃತಿಕ, ಶೈಕ್ಷಣಿಕ ಉತ್ತೇಜನದ್ದು. ಬೆಂಗಳೂರು ಬಿಟ್ಟು ರಾಜ್ಯದ ಉಳಿದ ಪಾಲಿಕೆಗಳಿಗೆ 1976ರ ಕಾಯ್ದೆ, ನಗರಸಭೆಗೆ 1964ರದ್ದು, ಅದಲುಬದಲು ಮಾಡಬೇಡಿ.

ಈಗ ನಂಗೆ ತಲೆ ಕೆಟ್ಟ ಜಾಗ. ಒಂದು ತುಳು ನಾಟಕ ತಂಡ ಹಾಲ್ ಬುಕ್ ಮಾಡ್ತದೆ ಅಂತ ಇಟ್ಕೊಳ್ಳಿ. ಬಾಡಿಗೆ 20,000, ಅದಕ್ಕೆ 18% ಜಿಎಸ್‌ಟಿ ಬೀಳ್ತದೆ ಅಂತಾದ್ರೆ 3,600, ವಾಪಸ್ ಕೊಡುವ ಡೆಪಾಸಿಟ್ 10,000. ಕೌಂಟರಿನಲ್ಲಿ ಕಟ್ಟಿದ್ದು ಒಟ್ಟು 33,600. ಹಾಲಿನ ಆದಾಯ ಎಷ್ಟು? ರಶೀದಿ ಆಯ್ತಲ್ಲ, ದುಡ್ಡು ಬಂತಲ್ಲ ಅಂತ ನಾನು 33,600 ಅಂತಲೇ ಬರೆದೆ. ತಪ್ಪು. ಆದಾಯ 20,000 ಮಾತ್ರ. 3,600 ಸರಕಾರಕ್ಕೆ ಕಟ್ಟಲಿಕ್ಕಿರುವುದು, 10,000 ಆ ತಂಡದ್ದೇ ದುಡ್ಡು, ಪಾಲಿಕೆ ಕೈಯಲ್ಲಿ ಸುಮ್ಮನೆ ಇಟ್ಟುಕೊಂಡದ್ದು, ಹಾಗಾಗಿ ಎರಡೂ ಹೊಣೆಗಾರಿಕೆ (ಅಂದ್ರೆ ಪಾಲಿಕೆ ಬೇರೆಯವರಿಗೆ ಕೊಡಬೇಕಾದ ದುಡ್ಡು) ಬದಿಗೆ ಹೋಗ್ತವೆ.

ನಾನು ಕಂಡುಕೊಂಡ ಸುಲಭ ದಾರಿ ಇದು, ಪ್ರತಿ ರೂಪಾಯಿಗೂ ಒಂದೇ ಪ್ರಶ್ನೆ ಕೇಳಿ: ಇದನ್ನು ನಾಳೆ ಕಟ್ಟಿದವರಿಗೆ ವಾಪಸ್ ಕೊಡ್ಲಿಕ್ಕೋ ಸರಕಾರಕ್ಕೆ ಕಟ್ಟಲಿಕ್ಕೋ ಉಂಟಾ? ಉಂಟು ಅಂತಾದ್ರೆ ಆದಾಯ ಅಲ್ಲ. ನಾಟಕದ ದಿನ ಕುರ್ಚಿ ಮುರಿದು 2,500 ಹಿಡಿದುಕೊಂಡ್ರೆ ಆ 2,500ರ ಮಟ್ಟಿಗೆ ಉತ್ತರ "ಇಲ್ಲ" ಆಯ್ತು, ಆವಾಗ ಅದು ಪಾಲಿಕೆದ್ದು, ಆದ್ರೆ ಬಾಡಿಗೆ ಅಂತ ಬರೆಯೋ ಹಾಗಿಲ್ಲ, ನಷ್ಟ ವಸೂಲಿ ಅಂತ ಬೇರೆ. ಉಳಿದ 7,500 ತಂಡಕ್ಕೆ.

ಇದು ಬರೀ ಜಮಾ ಖರ್ಚಿನ ಕಿರಿಕಿರಿ ಅಲ್ಲ ಮಾರಾಯ್ರೆ. ಇಂಥ ಹತ್ತು ಬುಕಿಂಗಿನಲ್ಲಿ ಕೌಂಟರಿಗೆ ಬಂದದ್ದು 3,36,000, ನಿಜವಾದ ಆದಾಯ 2,00,000. ಕರೆಂಟು, ಎಸಿ, ಕ್ಲೀನಿಂಗ್, ವಾಚ್‌ಮನ್ ಸಂಬಳ ಎಲ್ಲ ಈ ಎರಡು ಲಕ್ಷದಲ್ಲೇ ಆಗ್ಬೇಕು. ದೊಡ್ಡ ಸಂಖ್ಯೆ ನೋಡಿ "ಹಾಲ್ ಲಾಭದಲ್ಲಿದೆ" ಅಂದುಕೊಂಡ್ರೆ ರಿಪೇರಿಗೆ ದುಡ್ಡು ಇಡುದಿಲ್ಲ, ಆಮೇಲೆ ಮೈಕ್ ಕೈಕೊಟ್ರೆ ಅನುಭವಿಸುದು ಸ್ಟೇಜ್ ಮೇಲೆ ನಿಂತ ಕಲಾವಿದ. ಸಣ್ಣ ತಂಡಗಳಿಗೆ ಬಾಡಿಗೆ ಕಡಿಮೆ ಮಾಡ್ಲೇಬೇಕು ಅಂತ ನನ್ನ ಅಭಿಪ್ರಾಯ, ಆದ್ರೆ ಅದನ್ನು ಕೇಳ್ಲಿಕ್ಕೂ ಸರಿಯಾದ ಲೆಕ್ಕ ಕೈಯಲ್ಲಿರ್ಬೇಕಲ್ಲ.

ಹಾಲ್ ಎಷ್ಟು ದಿನ ತುಂಬಿತ್ತು ಅಂತ ಎಣಿಸುವಾಗ ನಮ್ಮ ಕಡೆಯ ಒಂದು ವಿಷಯ ನೆನಪಿರ್ಲಿ. ಪತ್ತನಾಜೆವರೆಗೆ (ಮೇ ಕೊನೆಯ ಹೊತ್ತಿಗೆ ಬರುವ, ತುಳುನಾಡಿನಲ್ಲಿ ತಿರುಗಾಟ ಮುಗಿಯುವ ದಿನ) ಯಕ್ಷಗಾನ ಮೇಳಗಳು ಬಯಲಲ್ಲಿ ಆಡ್ತವೆ, ಮಳೆ ಹಿಡಿದ ಮೇಲೆ ಆಟ (ಯಕ್ಷಗಾನ ಪ್ರದರ್ಶನ), ತಾಳಮದ್ದಳೆ (ವೇಷ, ಕುಣಿತ ಇಲ್ಲದೆ ಕೂತು ನಡೆಸುವ ಯಕ್ಷಗಾನ) ಎಲ್ಲ ಹಾಲಿನೊಳಗೆ. ರಾತ್ರಿ ಶುರುವಾಗಿ ಬೆಳಗಾಗುವ ಆಟ ಆದ್ರೆ ತಾರೀಕು ಎರಡು, ಬುಕಿಂಗ್ ಒಂದು. ದಿನದ ಲೆಕ್ಕ ಬಿಟ್ಟು ಪಾಳಿ (ಒಂದು ಬುಕಿಂಗಿಗೆ ಹಾಲ್ ಕೊಟ್ಟ ಹೊತ್ತು) ಲೆಕ್ಕ ಹಿಡಿದ್ರೆ ಗೊಂದಲ ಇಲ್ಲ, ಚೌಕಿ (ವೇಷ ಕಟ್ಟುವ ಬಣ್ಣದ ಮನೆ) ಕಟ್ಟಲಿಕ್ಕೆ ಬೇಕಾದ ಹೊತ್ತೂ ಅದರಲ್ಲೇ ಬರ್ತದೆ.

ಕೊನೆಗೆ ಒಂದು, ಇದರಲ್ಲೂ ನಾನು ತಪ್ಪಿದ್ದೆ. ಏಪ್ರಿಲ್ 12ರ ಕಾರ್ಯಕ್ರಮಕ್ಕೆ ಫೆಬ್ರವರಿಯಲ್ಲೇ ಬಾಡಿಗೆ ಕಟ್ಟಿದ್ರೆ ಅದು ಮಾರ್ಚ್ 31ಕ್ಕೆ ಮುಗಿಯುವ ವರ್ಷದ ಆದಾಯ ಅಲ್ಲ. ಹಾಲ್ ಇನ್ನೂ ಕೊಟ್ಟೇ ಇಲ್ಲ, ಕಾರ್ಯಕ್ರಮ ರದ್ದಾದ್ರೆ ವಾಪಸ್ ಕೊಡ್ಬೇಕಾದೀತು. ಅದೇ ಪ್ರಶ್ನೆ ಕೇಳಿದ್ರೆ ಉತ್ತರ "ಉಂಟು", ಹಾಗಾಗಿ ಮುಂಗಡ ಅಂತ ಹೊಣೆಗಾರಿಕೆಯಲ್ಲಿ ಇಟ್ಟು, ಏಪ್ರಿಲ್ 12 ಕಳೆದ ಮೇಲೆ ಹೊಸ ವರ್ಷದ ಬಾಡಿಗೆಗೆ ದಾಟಿಸಿ.