ಸುಸ್ತು ಮತ್ತು ಸೂಕ್ಷ್ಮ ಖನಿಜಗಳು: ಕೊರತೆ ಎಲ್ಲಿದೆ ಎಂದು ಹುಡುಕುವ ಬಗೆ

ಖನಿಜಗಳಿಂದ ಶಕ್ತಿ ಬರುವುದಿಲ್ಲ. ಈ ಪಾಠ ಶುರು ಮಾಡುವ ಮೊದಲು ಇಷ್ಟನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಕಬ್ಬಿಣದಲ್ಲಾಗಲಿ ಸತುವಿನಲ್ಲಾಗಲಿ ಒಂದು ಕ್ಯಾಲೊರಿಯೂ ಇಲ್ಲ. ಕ್ಯಾಲೊರಿ ಸಿಗುವುದು ಪಿಷ್ಟ, ಕೊಬ್ಬು, ಪ್ರೋಟೀನ್‌ಗಳಿಂದ. ಅದನ್ನು ಜೀವಕೋಶ ಬಳಸುವಂತೆ ಎಟಿಪಿ (ಜೀವಕೋಶ ನೇರವಾಗಿ ಖರ್ಚು ಮಾಡುವ ಶಕ್ತಿಯ ಅಣು) ರೂಪಕ್ಕೆ ತರಬೇಕಲ್ಲ, ಅಲ್ಲಿ ಖನಿಜಗಳು ಬೇಕು. ಹೊಟ್ಟೆ ತುಂಬ ಉಂಡರೂ ಮೈಯಲ್ಲಿ ಕಸುವಿಲ್ಲ ಎನ್ನುವವರ ವಿಷಯದಲ್ಲಿ ನಾವು ನೋಡಬೇಕಾದ್ದು ಈ ನಡುವಿನ ಹಾದಿಯನ್ನು.

ದಿನಕ್ಕೆ 100 ಮಿಲಿಗ್ರಾಂಗಿಂತ ಕಡಿಮೆ ಸಾಕಾಗುವ ಖನಿಜಗಳನ್ನು ಸೂಕ್ಷ್ಮ ಖನಿಜ ಎನ್ನುತ್ತಾರೆ. ಕಬ್ಬಿಣ, ಸತು, ತಾಮ್ರ, ಅಯೋಡಿನ್, ಸೆಲೆನಿಯಂ, ಮ್ಯಾಂಗನೀಸ್, ಮಾಲಿಬ್ಡಿನಂ ಈ ಗುಂಪಿನವು. ಮೆಗ್ನೀಷಿಯಂ ಇದರಲ್ಲಿ ಬರುವುದಿಲ್ಲ, ಅದು ದಿನಕ್ಕೆ ನೂರಾರು ಮಿಲಿಗ್ರಾಂ ಬೇಕು. ಪರೀಕ್ಷೆಯಲ್ಲಿ ಬಹಳ ಜನ ಇಲ್ಲಿ ಎಡವುತ್ತಾರೆ. ವಯಸ್ಕರ ದೇಹದಲ್ಲಿ ಕಬ್ಬಿಣ 3ರಿಂದ 4 ಗ್ರಾಂ, ಸತು 2ರಿಂದ 3 ಗ್ರಾಂ, ತಾಮ್ರ ಸುಮಾರು 100 ಮಿಲಿಗ್ರಾಂ, ಅಯೋಡಿನ್ 15–20 ಮಿಲಿಗ್ರಾಂ ಇರುತ್ತದೆ.

ಈಗ ಜೀವಕೋಶದಲ್ಲಿ ಎಟಿಪಿ ತಯಾರಾಗುವ ಜಾಗವಾದ ಮೈಟೋಕಾಂಡ್ರಿಯಾ ಒಳಗೆ ಹೋಗೋಣ. ಆಹಾರದಿಂದ ಬಂದ ಎಲೆಕ್ಟ್ರಾನ್‌ಗಳು ಅಲ್ಲಿ ಒಂದು ಪ್ರೋಟೀನ್‌ನಿಂದ ಇನ್ನೊಂದಕ್ಕೆ ದಾಟುತ್ತಾ ಹೋಗುತ್ತವೆ. ಸಾಲಾಗಿ ನಿಂತು ಕೈಯಿಂದ ಕೈಗೆ ನೀರಿನ ಕೊಡ ದಾಟಿಸುತ್ತಾರಲ್ಲ, ಹಾಗೆ. ಆ ಕೈಗಳಲ್ಲಿ ಹೆಚ್ಚಿನವು ಕಬ್ಬಿಣದವು: ಕಬ್ಬಿಣ-ಗಂಧಕದ ಗೊಂಚಲುಗಳು, ಆಮೇಲೆ ಸೈಟೋಕ್ರೋಮ್ ಎಂಬ ಪ್ರೋಟೀನ್‌ಗಳಲ್ಲಿರುವ ಹೀಮ್ (ನಡುವೆ ಕಬ್ಬಿಣವಿರುವ ಅಣು). ಕೊನೆಯಲ್ಲಿ ಸೈಟೋಕ್ರೋಮ್ ಆಕ್ಸಿಡೇಸ್ ಇದೆ. ಅದರಲ್ಲಿ ಕಬ್ಬಿಣವೂ ಬೇಕು, ತಾಮ್ರವೂ ಬೇಕು. ನಾವು ಉಸಿರಾಡಿದ ಆಮ್ಲಜನಕ ನೀರಾಗುವುದು ಇಲ್ಲಿಯೇ. ಈ ದಾಟುವಿಕೆಯಲ್ಲಿ ಸೋರಿಹೋದ ಎಲೆಕ್ಟ್ರಾನ್‌ಗಳಿಂದ ಹುಟ್ಟುವ ಸೂಪರಾಕ್ಸೈಡ್ ಎಂಬ ಹಾನಿಕರ ವಸ್ತುವನ್ನು ಮ್ಯಾಂಗನೀಸ್ ಇರುವ ಒಂದು ಕಿಣ್ವ ನಿಭಾಯಿಸುತ್ತದೆ.

ಹಾಗಾದರೆ ಕಬ್ಬಿಣಕ್ಕೆ ಎರಡು ಕೆಲಸ ಆಯಿತು. ಹಿಮೋಗ್ಲೋಬಿನ್‌ನಲ್ಲಿ ಕುಳಿತು ಆಮ್ಲಜನಕ ತರುವುದೂ ಅದೇ, ತಂದ ಆಮ್ಲಜನಕವನ್ನು ಬಳಸುವಲ್ಲಿ ಕೈ ಜೋಡಿಸುವುದೂ ಅದೇ. ಈ ಎರಡನೆಯ ಕೆಲಸವನ್ನು ಮರೆಯಬೇಡಿ. ಹಿಮೋಗ್ಲೋಬಿನ್ ಸರಿಯಿದ್ದರೂ ಸುಸ್ತು ಯಾಕೆ ಎಂಬ ಪ್ರಶ್ನೆಗೆ ಉತ್ತರದ ಒಂದು ತುದಿ ಇಲ್ಲಿದೆ.

ಕಬ್ಬಿಣದ ದಿನದ ಲೆಕ್ಕ

ಹೊಸ ಕೆಂಪು ರಕ್ತಕಣ ಮಾಡಲು ದಿನಕ್ಕೆ 20–25 ಮಿಲಿಗ್ರಾಂ ಕಬ್ಬಿಣ ಬೇಕು. ಆದರೆ ಕರುಳು ಹೀರಿಕೊಳ್ಳುವುದು ಬರೀ 1–2 ಮಿಲಿಗ್ರಾಂ. ಉಳಿದದ್ದು ಎಲ್ಲಿಂದ? ಹಳೆಯ ರಕ್ತಕಣಗಳಿಂದ. ಒಂದು ಕೆಂಪು ಕಣ ಸುಮಾರು 120 ದಿನ ಬಾಳುತ್ತದೆ. ಮುದಿಯಾದ ಕಣಗಳನ್ನು ಗುಲ್ಮದ (ಸ್ಪ್ಲೀನ್) ಮ್ಯಾಕ್ರೋಫೇಜ್ ಎಂಬ ಜೀವಕೋಶಗಳು ನುಂಗಿ, ಕಬ್ಬಿಣವನ್ನು ಬಿಡಿಸಿ ರಕ್ತಕ್ಕೆ ವಾಪಸ್ ಕೊಡುತ್ತವೆ. ದೇಹ ಮುಖ್ಯವಾಗಿ ಬದುಕುವುದು ಈ ಮರುಬಳಕೆಯ ಮೇಲೆ.

ಜಾಸ್ತಿಯಾದ ಕಬ್ಬಿಣವನ್ನು ಹೊರಹಾಕಲು ದೇಹಕ್ಕೆ ಪ್ರತ್ಯೇಕ ದಾರಿಯಿಲ್ಲ. ಉದುರುವ ಜೀವಕೋಶಗಳ ಜೊತೆ ಸ್ವಲ್ಪ ಹೋಗುತ್ತದೆ, ರಕ್ತಸ್ರಾವದಲ್ಲಿ ಹೋಗುತ್ತದೆ, ಅಷ್ಟೆ. ಹಾಗಾಗಿ ಹತೋಟಿಯೆಲ್ಲ ಒಳಗೆ ಬಿಡುವ ಹಂತದಲ್ಲೇ ಆಗಬೇಕು. ಆ ಹತೋಟಿ ಇರುವುದು ಯಕೃತ್ತು ತಯಾರಿಸುವ ಹೆಪ್ಸಿಡಿನ್ ಎಂಬ ಚಿಕ್ಕ ಹಾರ್ಮೋನ್ ಕೈಯಲ್ಲಿ. ಈ ಇಡೀ ಅಧ್ಯಾಯದಲ್ಲಿ ಒಂದನ್ನೇ ಚೆನ್ನಾಗಿ ಕಲಿಯಲು ಸಮಯವಿದ್ದರೆ ಇದನ್ನೇ ಕಲಿಯಿರಿ.

ಕರುಳಿನ ಜೀವಕೋಶದಿಂದ, ಮ್ಯಾಕ್ರೋಫೇಜ್‌ನಿಂದ ಕಬ್ಬಿಣ ರಕ್ತಕ್ಕೆ ಹೊರಬರುವುದು ಫೆರೋಪೋರ್ಟಿನ್ ಎಂಬ ಪ್ರೋಟೀನ್ ಮೂಲಕ. ಹೆಪ್ಸಿಡಿನ್ ಹೋಗಿ ಅದಕ್ಕೆ ಅಂಟಿಕೊಂಡರೆ ಆ ದಾರಿ ಮುಚ್ಚುತ್ತದೆ. ದಾಸ್ತಾನು ತುಂಬಿದಾಗ ಹೆಪ್ಸಿಡಿನ್ ಏರುತ್ತದೆ. ಇದು ಸರಿಯೇ. ಆದರೆ ಸೋಂಕು, ಉರಿಯೂತ ಇದ್ದಾಗಲೂ ಏರುತ್ತದೆ. ರೋಗಾಣುಗಳಿಗೂ ಬೆಳೆಯಲು ಕಬ್ಬಿಣ ಬೇಕಲ್ವಾ, ಅವುಗಳ ಕೈಗೆ ಸಿಗದಂತೆ ದೇಹ ಅದನ್ನು ಬಚ್ಚಿಡುತ್ತದೆ. ನಾಲ್ಕು ದಿನದ ಜ್ವರದಲ್ಲಿ ಇದು ಒಳ್ಳೆಯ ಉಪಾಯ. ಉರಿಯೂತ ತಿಂಗಳುಗಟ್ಟಲೆ ಎಳೆದರೆ ಕಷ್ಟ: ದಾಸ್ತಾನು ಇದೆ, ಆದರೆ ರಕ್ತಕಣ ಹುಟ್ಟುವ ಮೂಳೆಮಜ್ಜೆಗೆ ಸಿಗುವುದಿಲ್ಲ.

ಇದೇ ಹೆಪ್ಸಿಡಿನ್‌ನಿಂದ ಇನ್ನೊಂದು ವಿಷಯವೂ ಅರ್ಥವಾಗುತ್ತದೆ. ದೊಡ್ಡ ಪ್ರಮಾಣದ ಕಬ್ಬಿಣದ ಮಾತ್ರೆ ನುಂಗಿದ ಮೇಲೆ ಹೆಪ್ಸಿಡಿನ್ ಏರಿ, ಮಾರನೇ ದಿನವೂ ಇಳಿಯದೆ ಉಳಿಯುತ್ತದೆ. ಹಾಗಾಗಿ ಎರಡನೇ ದಿನದ ಮಾತ್ರೆಯಿಂದ ಹೀರಿಕೊಳ್ಳುವ ಪಾಲು ಕಡಿಮೆ. ಕಬ್ಬಿಣ ಕಡಿಮೆಯಿದ್ದ ಯುವತಿಯರ ಮೇಲೆ 2015 ಮತ್ತು 2017ರಲ್ಲಿ ಪ್ರಕಟವಾದ ಅಧ್ಯಯನಗಳಲ್ಲಿ ದಿನ ಬಿಟ್ಟು ದಿನ ಕೊಟ್ಟಾಗ ಪ್ರತಿ ಮಾತ್ರೆಯಿಂದ ಹೆಚ್ಚಿನ ಪಾಲು ಒಳಗೆ ಹೋಯಿತು. ಜಾಸ್ತಿ ನುಂಗಿದರೆ ಜಾಸ್ತಿ ಲಾಭ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಎರಡು ರಿಪೋರ್ಟ್ ಪಕ್ಕಪಕ್ಕ

ಅಭ್ಯಾಸಕ್ಕಾಗಿ ಇಬ್ಬರು ಮಹಿಳೆಯರ ರಿಪೋರ್ಟ್ ಊಹಿಸಿಕೊಳ್ಳಿ. ಇಬ್ಬರಿಗೂ ಸುಸ್ತು.

ಮೊದಲನೆಯವರದು: ಹಿಮೋಗ್ಲೋಬಿನ್ 12.4 (ಡೆಸಿಲೀಟರ್‌ಗೆ ಗ್ರಾಂ), ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ 9 (ಮಿಲಿಲೀಟರ್‌ಗೆ ನ್ಯಾನೋಗ್ರಾಂ). ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಗರ್ಭಿಣಿಯಲ್ಲದ ಮಹಿಳೆಗೆ ಹಿಮೋಗ್ಲೋಬಿನ್ 12ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ಇವರಿಗೆ ರಕ್ತಹೀನತೆ ಇಲ್ಲ. ಆದರೆ ಆರೋಗ್ಯವಂತ ವಯಸ್ಕರಲ್ಲಿ ಫೆರಿಟಿನ್ 15ಕ್ಕಿಂತ ಕಡಿಮೆಯಿದ್ದರೆ ದಾಸ್ತಾನು ಬರಿದಾಗಿದೆ ಎಂದೇ ಅರ್ಥ. ಕೊರತೆ ಬರುವ ಕ್ರಮ ಹೀಗೆ: ಮೊದಲು ದಾಸ್ತಾನು ಕರಗುತ್ತದೆ, ಆಮೇಲೆ ರಕ್ತದಲ್ಲಿ ಸಾಗುವ ಕಬ್ಬಿಣ ಕುಸಿಯುತ್ತದೆ, ಎಲ್ಲಕ್ಕಿಂತ ಕೊನೆಗೆ ಹಿಮೋಗ್ಲೋಬಿನ್ ಇಳಿಯುತ್ತದೆ. ಬರೀ ಹಿಮೋಗ್ಲೋಬಿನ್ ನೋಡಿ "ಎಲ್ಲಾ ನಾರ್ಮಲ್, ಸುಮ್ನೆ ಯೋಚನೆ ಮಾಡಬೇಡಿ" ಎಂದು ಕಳಿಸಿದರೆ ಆ ಹೆಂಗಸಿಗೆ ಅನ್ಯಾಯ. ಅವಳ ಸುಸ್ತು ನಿಜವಾದದ್ದು. ರಕ್ತಹೀನತೆ ಇಲ್ಲದ, ಫೆರಿಟಿನ್ 50ಕ್ಕಿಂತ ಕಡಿಮೆಯಿದ್ದ ಮಹಿಳೆಯರಿಗೆ ಕಬ್ಬಿಣ ಕೊಟ್ಟು ನೋಡಿದ 2012ರ ಒಂದು ಪ್ರಯೋಗದಲ್ಲಿ, ಔಷಧಿಯಿಲ್ಲದ ಸುಳ್ಳು ಮಾತ್ರೆ ತೆಗೆದುಕೊಂಡವರಿಗಿಂತ ಕಬ್ಬಿಣ ತೆಗೆದುಕೊಂಡವರ ಆಯಾಸ ಜಾಸ್ತಿ ಇಳಿದಿತ್ತು.

ಎರಡನೆಯವರದು: ಹಿಮೋಗ್ಲೋಬಿನ್ 10.8, ಫೆರಿಟಿನ್ 180, ಟ್ರಾನ್ಸ್‌ಫೆರಿನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನ್) ಸ್ಯಾಚುರೇಷನ್ ಕಡಿಮೆ, ಅಂದರೆ ಅದು ಹೊತ್ತ ಕಬ್ಬಿಣ ಕಡಿಮೆ; ಉರಿಯೂತವನ್ನು ತೋರಿಸುವ ಸಿಆರ್‌ಪಿ ಏರಿದೆ. ರಕ್ತಹೀನತೆ ಇವರಿಗೇ ಇದೆ, ದಾಸ್ತಾನೂ ಇವರಲ್ಲೇ ಜಾಸ್ತಿ! ಮೇಲೆ ಹೇಳಿದ ಹೆಪ್ಸಿಡಿನ್ ಕಥೆ ಇದು. ಉರಿಯೂತದ ಮೂಲ ಹುಡುಕದೆ ಮಾತ್ರೆ ಕೊಟ್ಟರೆ ಕರುಳಿನಲ್ಲೇ ತಡೆ ಬೀಳುತ್ತದೆ. ಉರಿಯೂತ ಇದ್ದಾಗ ಫೆರಿಟಿನ್ ತಾನಾಗಿಯೇ ಏರುತ್ತದೆ, ಅದಕ್ಕೆ ಅಂಥವರಲ್ಲಿ ಕೊರತೆಯ ಗೆರೆಯನ್ನು 70ಕ್ಕೆ ಎತ್ತಿ ಓದುತ್ತಾರೆ.

ಸತು ಜಾಸ್ತಿಯಾದರೆ ತಾಮ್ರ ಹೋಗುತ್ತದೆ

ಸಮತೋಲನ ಎಂದರೆ ಎಲ್ಲವೂ ಸಮ ಇರುವುದಲ್ಲ. ಒಂದರ ಅಳತೆ ಇನ್ನೊಂದರ ದಾರಿಯನ್ನು ಬದಲಿಸುತ್ತದೆ ಎಂಬುದೇ ವಿಷಯ. ಸತು–ತಾಮ್ರದಷ್ಟು ಸ್ಪಷ್ಟವಾದ ಉದಾಹರಣೆ ಬೇರೆ ಇಲ್ಲ.

ಕಬ್ಬಿಣ ಇದ್ದರೂ ತಾಮ್ರ ಇಲ್ಲದಿದ್ದರೆ ಇಲಿಗಳಲ್ಲಿ ಹಿಮೋಗ್ಲೋಬಿನ್ ಆಗುವುದಿಲ್ಲ ಎಂದು 1928ರಲ್ಲೇ ತೋರಿಸಿದ್ದರು. ಕಾರಣ ಈಗ ಗೊತ್ತು. ಜೀವಕೋಶದಿಂದ ಹೊರಬಂದ ಕಬ್ಬಿಣ ಟ್ರಾನ್ಸ್‌ಫೆರಿನ್ ಹತ್ತಬೇಕಾದರೆ ಮೊದಲು ಆಕ್ಸಿಡೀಕರಣ ಆಗಬೇಕು. ಆ ಕೆಲಸದ ಕಿಣ್ವಗಳಲ್ಲಿ, ಅಂದರೆ ಹೆಫೆಸ್ಟಿನ್ ಮತ್ತು ಸೆರುಲೋಪ್ಲಾಸ್ಮಿನ್‌ನಲ್ಲಿ, ತಾಮ್ರ ಇದೆ.

ಈಗ ಒಬ್ಬರು ದಿನವೂ ಸತುವಿನ ಮಾತ್ರೆ ಮನಬಂದಂತೆ ನುಂಗುತ್ತಿದ್ದಾರೆ ಎನ್ನಿ. ಕರುಳಿನ ಜೀವಕೋಶಗಳು ಆ ಸತುವಿಗೆ ಉತ್ತರವಾಗಿ ಮೆಟಲೋಥಯೋನೀನ್ ಎಂಬ ಪ್ರೋಟೀನ್ ಹೆಚ್ಚು ಮಾಡುತ್ತವೆ. ಅದು ಸತುವಿಗಿಂತ ತಾಮ್ರವನ್ನೇ ಬಿಗಿಯಾಗಿ ಹಿಡಿಯುತ್ತದೆ. ಕೆಲವು ದಿನಕ್ಕೆ ಆ ಜೀವಕೋಶ ಉದುರಿದಾಗ ಹಿಡಿದ ತಾಮ್ರವೂ ಮಲದ ಜೊತೆ ಹೊರಗೆ. ತಿಂಗಳುಗಳು ಕಳೆದಂತೆ ರಕ್ತಹೀನತೆ, ಬಿಳಿ ರಕ್ತಕಣಗಳಲ್ಲಿ ಇಳಿಕೆ, ಕಾಲು ಜೋಮು, ನಡಿಗೆಯಲ್ಲಿ ತೂರಾಟ. ಬಿ12 ಕೊರತೆಯಂತೆಯೇ ಕಾಣುತ್ತದೆ. ಹಲ್ಲುಸೆಟ್ ಅಂಟಿಸಲು ಸತು ಇರುವ ಕ್ರೀಮನ್ನು ವರ್ಷಗಟ್ಟಲೆ ಅತಿಯಾಗಿ ಬಳಸಿದವರಲ್ಲಿ ಹೀಗೆ ನರಗಳಿಗೆ ಪೆಟ್ಟಾದದ್ದು ವೈದ್ಯಕೀಯ ವರದಿಗಳಲ್ಲಿ ದಾಖಲಾಗಿದೆ. ಇಂಥವರಿಗೆ ಕಬ್ಬಿಣ ಕೊಟ್ಟರೆ ಹಿಮೋಗ್ಲೋಬಿನ್ ಏರುವುದಿಲ್ಲ. ಕೇಳಬೇಕಾದ ಪ್ರಶ್ನೆ: "ಬೇರೆ ಏನೇನು ತಗೊಳ್ತಿದ್ದೀರಿ?"

ಇದೇ ಗುಣ ಒಂದು ಕಡೆ ಔಷಧಿಯಾಗಿದೆ. ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆಯಲ್ಲಿ ಸತುವನ್ನು ಬೇಕೆಂದೇ ಕೊಡುತ್ತಾರೆ. ಉಳಿದವರಿಗೆ ಅಮೆರಿಕದ ಶಿಫಾರಸಿನಂತೆ ದಿನಕ್ಕೆ ಬೇಕಾದ ಸತು ಗಂಡಸರಿಗೆ 11, ಹೆಂಗಸರಿಗೆ 8 ಮಿಲಿಗ್ರಾಂ. ಮೇಲಿನ ಮಿತಿ 40.

ಕೂದಲು ಪರೀಕ್ಷೆ ಮಾಡಿ ಇಡೀ ದೇಹದ ಖನಿಜ ಸಮತೋಲನ ಹೇಳುತ್ತೇವೆ ಎನ್ನುವವರನ್ನು ನಾನು ನಂಬುವುದಿಲ್ಲ. ತಲೆಹೊಟ್ಟಿನ ಶಾಂಪೂಗಳಲ್ಲಿ ಸತು ಅಥವಾ ಸೆಲೆನಿಯಂ ಇರುತ್ತದೆ. ಅದು ಕೂದಲಿಗೆ ಅಂಟಿದರೆ ಫಲಿತಾಂಶ ತೋರಿಸುವುದು ಶಾಂಪೂವನ್ನೇ.

ಥೈರಾಯ್ಡ್ ಮತ್ತು ಒಂದು ಲೆಕ್ಕ

ದೇಹ ಎಷ್ಟು ವೇಗದಲ್ಲಿ ಶಕ್ತಿ ಖರ್ಚು ಮಾಡಬೇಕು ಎಂದು ನಿರ್ಧರಿಸುವಲ್ಲಿ ಥೈರಾಯ್ಡ್ ಪಾಲು ದೊಡ್ಡದು. ಅದು ಮಾಡುವ ಟಿ4 ಎಂಬ ಹಾರ್ಮೋನ್‌ನಲ್ಲಿ ನಾಲ್ಕು ಅಯೋಡಿನ್ ಪರಮಾಣು, ಟಿ3ರಲ್ಲಿ ಮೂರು. ಟಿ4ರಿಂದ ಒಂದನ್ನು ಕಳಚಿ ಚುರುಕಾದ ಟಿ3 ಮಾಡುವ ಕಿಣ್ವಗಳಿಗೆ ಸೆಲೆನಿಯಂ ಬೇಕು. ಅಯೋಡಿನ್ ಅನ್ನು ಹಾರ್ಮೋನ್‌ಗೆ ಸೇರಿಸುವ ಥೈರಾಯ್ಡ್ ಪೆರಾಕ್ಸಿಡೇಸ್‌ಗೆ ಹೀಮ್, ಅಂದರೆ ಮತ್ತೆ ಕಬ್ಬಿಣ ಬೇಕು. ಅಯೋಡಿನ್ ದಿನಕ್ಕೆ 150 ಮೈಕ್ರೋಗ್ರಾಂ ಸಾಕು. ಅತಿಯಾದರೆ ಅದೂ ಕೆಲವರಲ್ಲಿ ಥೈರಾಯ್ಡ್ ಕೆಲಸವನ್ನು ಕೆಡಿಸುತ್ತದೆ.

ಈಗ ಇದನ್ನು ಬಿಡಿಸಿ ನೋಡಿ. ಒಬ್ಬ ಮಹಿಳೆಗೆ ಸುಸ್ತು, ಚಳಿ ತಡೆಯಲಾಗದು, ಮುಟ್ಟಿನಲ್ಲಿ ರಕ್ತಸ್ರಾವ ಹೆಚ್ಚು. ಟಿಎಸ್‌ಎಚ್ (ಥೈರಾಯ್ಡ್ ಸೊರಗಿದಾಗ ಅದನ್ನು ಚುರುಕುಗೊಳಿಸಲು ಏರುವ ಹಾರ್ಮೋನ್) 14, ಅಂದರೆ ಜಾಸ್ತಿ; ಫೆರಿಟಿನ್ 8. ಯಾವುದು ಕಾರಣ, ಯಾವುದು ಪರಿಣಾಮ?

ಎರಡು ದಿಕ್ಕಿನಲ್ಲೂ ಸಾಧ್ಯ. ಕಬ್ಬಿಣ ಕಡಿಮೆಯಾದರೆ ಪೆರಾಕ್ಸಿಡೇಸ್ ಸೊರಗಿ ಹಾರ್ಮೋನ್ ತಯಾರಿಕೆ ಕುಗ್ಗಬಹುದು. ಥೈರಾಯ್ಡ್ ಕಡಿಮೆಯಾದರೆ ಮುಟ್ಟಿನ ಸ್ರಾವ ಹೆಚ್ಚಿ ಕಬ್ಬಿಣ ಹೋಗಬಹುದು. ಈ ಎರಡು ಸಂಖ್ಯೆಗಳಿಂದ ಮೊದಲು ಯಾವುದು ಎಂದು ಹೇಳಲಾಗದು. ವೈದ್ಯರು ಎರಡಕ್ಕೂ ಔಷಧಿ ಬರೆಯಬೇಕಾಗಬಹುದು. ಆಗ ಗಮನಿಸಬೇಕಾದ್ದು ಮಾತ್ರೆಗಳ ಸಮಯ. ಕಬ್ಬಿಣ ಕರುಳಿನಲ್ಲಿ ಥೈರಾಕ್ಸಿನ್‌ಗೆ (ಮಾತ್ರೆಯಾಗಿ ಕೊಡುವ ಟಿ4) ಅಂಟಿಕೊಂಡು ಅದು ಒಳಗೆ ಹೋಗದಂತೆ ಮಾಡುತ್ತದೆ. ಎರಡನ್ನೂ ಬೆಳಿಗ್ಗೆ ಒಟ್ಟಿಗೆ ನುಂಗಿದರೆ ಟಿಎಸ್‌ಎಚ್ ಇಳಿಯುವುದಿಲ್ಲ, ಡೋಸ್ ಸಾಲದು ಎಂದು ಏರಿಸುತ್ತಾ ಹೋಗುತ್ತಾರೆ. ಥೈರಾಕ್ಸಿನ್ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಕಬ್ಬಿಣ ಅದಾಗಿ ಕನಿಷ್ಠ ನಾಲ್ಕು ಗಂಟೆ ಬಿಟ್ಟು.