ಉಗುರಿನ ಕಪ್ಪು: ಚೊಗರೋ, ಕಾಯಿಲೆಯೋ?

ಶಿರಸಿ ಕಡೆ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಕೊಯ್ಯುವ ಕೆಲಸ, ಶುರುವಾಯಿತೆಂದರೆ ಉಗುರು ನೋಡಿ ಆರೋಗ್ಯ ಹೇಳುವುದು ಕಷ್ಟ. ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲಿದವರ ಬೆರಳಿಗೆಲ್ಲ ಚೊಗರು, ಅಂದರೆ ಅಡಿಕೆ ರಸದ ಕಪ್ಪು ಕಲೆ. ಎಷ್ಟು ತಿಕ್ಕಿದರೂ ಉಗುರಿನ ಕಪ್ಪು ಬಿಡುವುದಿಲ್ಲ. ಸುಲಿಯುವ ಕೆಲಸ ಮುಗಿದು ಒಂದು ತಿಂಗಳಾದ ಮೇಲೆ ನೋಡಿ. ಬುಡದಲ್ಲಿ ಸುಮಾರು 3 ಮಿಲಿಮೀಟರ್ ಹೊಸ ಉಗುರು ಚೊಕ್ಕವಾಗಿ ಬಂದಿರುತ್ತದೆ, ಕಲೆ ಅಷ್ಟು ಮುಂದೆ ಸರಿದಿರುತ್ತದೆ. ಕೈಬೆರಳಿನ ಉಗುರು ತಿಂಗಳಿಗೆ ಬೆಳೆಯುವುದೇ ಅಷ್ಟು. ಪೂರ್ತಿ ಹೊಸದಾಗಲು ಆರು ತಿಂಗಳು ಬೇಕು.

ಹೊರಗಿನ ಕಲೆ ಹೀಗೆ ಬೆಳೆದು ಹೋಗುತ್ತದೆ. ಒಳಗಿನಿಂದ ಬರುವ ಕಪ್ಪು ಗೆರೆ ಹಾಗಲ್ಲ. ಅದು ಬುಡದಿಂದ ತುದಿಯವರೆಗೆ ಉದ್ದಕ್ಕೆ ಇರುತ್ತದೆ, ಉಗುರು ಬೆಳೆದರೂ ಹೋಗುವುದಿಲ್ಲ. ನಮ್ಮಂಥ ಕಂದು ಮೈಬಣ್ಣದವರಲ್ಲಿ ನಾಲ್ಕಾರು ಬೆರಳಲ್ಲಿ ಇಂಥ ಗೆರೆ ಇರುವುದು ಮಾಮೂಲಿ. ಆದರೆ ಒಂದೇ ಬೆರಳಲ್ಲಿ ಹೊಸದಾಗಿ ಬಂದು, ಅಗಲವಾಗುತ್ತಾ, ಪಕ್ಕದ ಚರ್ಮಕ್ಕೂ ಕಪ್ಪು ಹರಡಿದರೆ ಸುಮ್ನೆ ಕೂರಬೇಡಿ. ಅದು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಇರಬಹುದು.

ಉಗುರು ತಯಾರಾಗುವುದು ಬುಡದ ಚರ್ಮದ ಅಡಿಯಲ್ಲಿ. ನಮಗೆ ಕಾಣುವ ಭಾಗಕ್ಕೆ ಜೀವವಿಲ್ಲ, ಹಾಗಾಗಿ ಅದು ಕೊಡುವುದೆಲ್ಲ ಹಳೇ ಸುದ್ದಿ. ಜೋರು ಜ್ವರದಲ್ಲಿ ಮಲಗಿದಾಗ ಈ ತಯಾರಿ ಸ್ವಲ್ಪ ದಿನ ನಿಧಾನವಾಗುತ್ತದೆ, ಕೆಲವೊಮ್ಮೆ ನಿಂತೇ ಬಿಡುತ್ತದೆ. ಜ್ವರ ಬಿಟ್ಟು ಕೆಲವು ವಾರಗಳಾದ ಮೇಲೆ ಉಗುರುಗಳಲ್ಲಿ ಅಡ್ಡಕ್ಕೊಂದು ತಗ್ಗು ಕಾಣಿಸುತ್ತದೆ. 1846ರಲ್ಲಿ ಇದನ್ನು ವಿವರಿಸಿದ ಫ್ರಾನ್ಸಿನ ವೈದ್ಯ ಬೋ ಅವರ ಹೆಸರೇ ಇದಕ್ಕಿದೆ: ಬೋ ಗೆರೆ. ತಗ್ಗು ಬುಡದಿಂದ 6 ಮಿಲಿಮೀಟರ್ ದೂರವಿದ್ದರೆ ಕಾಯಿಲೆ ಬಂದು ಎರಡು ತಿಂಗಳ ಮೇಲಾಗಿದೆ ಅಂತ ಲೆಕ್ಕ.

ಇನ್ನು ಬಿಳಿ ಚುಕ್ಕೆ. ಚಿಕ್ಕವರಿದ್ದಾಗ ಹಾರುವ ಬೆಳ್ಳಕ್ಕಿಗೆ ಕೈ ತೋರಿಸಿ ಉಗುರು ಕೇಳುತ್ತಿದ್ದೆವಲ್ವಾ? ದೊಡ್ಡವರಾದ ಮೇಲೆ ಅದೇ ಚುಕ್ಕೆ ನೋಡಿ ಕ್ಯಾಲ್ಸಿಯಂ ಮಾತ್ರೆ ತರುತ್ತೇವೆ. ನನ್ನ ಪ್ರಕಾರ ಬೆಳ್ಳಕ್ಕಿಯೇ ವಾಸಿ, ದುಡ್ಡು ಕೇಳುವುದಿಲ್ಲ. ಸಾಮಾನ್ಯವಾಗಿ ಅದು ಉಗುರಿನ ಬುಡಕ್ಕೆ ಯಾವಾಗಲೋ ತಾಗಿದ ಸಣ್ಣ ಪೆಟ್ಟಿನ ಗುರುತು.

ವಯಸ್ಸಾದಂತೆ ಉದ್ದುದ್ದ ಗೀರು ಜಾಸ್ತಿಯಾಗುತ್ತವೆ. ಹೆದರಬೇಕಿಲ್ಲ. ಬೆಳೆಯುವ ವೇಗವೂ ತಗ್ಗುತ್ತದೆ. ಅಮೆರಿಕದ ವೈದ್ಯ ವಿಲಿಯಂ ಬೀನ್ ತಮ್ಮ ಹೆಬ್ಬೆರಳಿನ ಉಗುರನ್ನು 35 ವರ್ಷ ಅಳೆದರು! 32ನೇ ವಯಸ್ಸಿನಲ್ಲಿ ಅದು ದಿನಕ್ಕೆ 0.123 ಮಿಲಿಮೀಟರ್ ಬೆಳೆಯುತ್ತಿತ್ತು, 67ರಲ್ಲಿ 0.095. ಆದರೆ ಉಗುರು ಚಮಚದಂತೆ ಗುಳಿ ಬಿದ್ದರೆ ವಯಸ್ಸಿನ ಮೇಲೆ ಹಾಕಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಕಬ್ಬಿಣದ ಕೊರತೆ ಇರಬಹುದು. ಬೆರಳ ತುದಿ ಊದಿ ಉಗುರು ಗುಮ್ಮಟದಂತೆ ಬಾಗಿದರೆ ಶ್ವಾಸಕೋಶ, ಹೃದಯ ಎರಡನ್ನೂ ನೋಡಿಸಬೇಕು.

ಕಾರವಾರದ ಮೀನು ಮಾರ್ಕೆಟ್ಟಿನಲ್ಲಿ ತೊಂದರೆ ಬೇರೆ. ದಿನವಿಡೀ ಕೈ ಒದ್ದೆಯಾಗಿದ್ದರೆ ಉಗುರಿನ ಬುಡದ ಚರ್ಮ ಬಿಟ್ಟುಕೊಂಡು ಉಗುರುಸುತ್ತು ಆಗುತ್ತದೆ. ನಿಂಬೆಹಣ್ಣಿಗೆ ಬೆರಳು ತೂರಿಸಿಕೊಂಡರೆ ಹಾಯೆನಿಸಬಹುದು, ಆದರೆ ಬೇಕಾದದ್ದು ಒಣಗಿದ ಕೈ. ಗ್ಲೌಸ್ ಹಾಕಿ ಅನ್ನುವುದು ಸುಲಭ. ಹಾಕಿಕೊಂಡರೆ ಬಂಗುಡೆ ಜಾರುತ್ತದೆ, ಗಿರಾಕಿ ಕಾಯುವುದಿಲ್ಲ.