ತಕ್‌ಪಟ್ಟಿಯಿಂದ ಲಿನಕ್ಸ್‌ವರೆಗೆ

ದಾವಣಗೆರೆಯ ಎಪಿಎಂಸಿ ಪ್ರಾಂಗಣದಲ್ಲಿ ನನಗೆ ಪರಿಚಯದ ಒಂದು ದಲ್ಲಾಳಿ ಅಂಗಡಿ ಇದೆ. ಮೆಕ್ಕೆಜೋಳ, ಭತ್ತದ ವ್ಯವಹಾರ. ಗಲ್ಲಾಪೆಟ್ಟಿಗೆಯ ಪಕ್ಕದ ಕಂಪ್ಯೂಟರಿನಲ್ಲಿ ವಿಷುಯಲ್ ಫಾಕ್ಸ್‌ಪ್ರೋದಲ್ಲಿ ಬರೆಸಿದ ಹಳೆಯ ತಂತ್ರಾಂಶ ಇನ್ನೂ ರೈತರ ಮಾಲಿನ ತೂಕ, ದರ, ಹಣದ ಲೆಕ್ಕ ತೋರಿಸುವ ಚೀಟಿ, ಅಂದರೆ ತಕ್‌ಪಟ್ಟಿ ಹಾಕುತ್ತದೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕರ್ರೆಂದು ಅರಚಿ ಮೂರು ಪ್ರತಿ ಉಗುಳುತ್ತದೆ. ‘ಇದನ್ನೆಲ್ಲ ಲಿನಕ್ಸಿಗೆ ಹಾಕಿಕೊಡಿ, ಅದು ಪುಕ್ಕಟೆಯಂತೆ’ ಎಂದು ಯಜಮಾನರು ಒಂದು ದಿನ ಕೇಳಿದರು. ಲಿನಕ್ಸ್ ಎಂದರೆ ವಿಂಡೋಸ್‌ನಂತೆ ಕಂಪ್ಯೂಟರನ್ನು ನಡೆಸುವ ಮೂಲ ತಂತ್ರಾಂಶ. ಅದನ್ನು ಹಾಕುವುದು ಅರ್ಧ ದಿನದ ಕೆಲಸ. ಆದರೆ ‘ಇದನ್ನೆಲ್ಲ’ ಎಂಬ ಮಾತು ಬಲು ದೊಡ್ಡದು. ದೊಡ್ಡ ದೊಡ್ಡ ಕಂಪನಿಗಳೂ ಎಡವಿದ್ದು ಅಲ್ಲಿಯೇ.

ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ 1991ರ ಆಗಸ್ಟ್‌ನಲ್ಲಿ ತನ್ನ ಹೊಸ ಕಾರ್ಯಾಚರಣಾ ವ್ಯವಸ್ಥೆಯ, ಅಂದರೆ ಇದೇ ಲಿನಕ್ಸಿನ, ಸುದ್ದಿ ಹೇಳಿದಾಗ ಅದು ಬರೀ ಹವ್ಯಾಸ ಎಂದೇ ಹೇಳಿಕೊಂಡಿದ್ದರು. ವ್ಯಾಪಾರಿ ಜಗತ್ತು ಏಳು ವರ್ಷ ಅದನ್ನು ಹವ್ಯಾಸವೆಂದೇ ನೋಡಿತು. ಬ್ಯಾಂಕು, ಕಾರ್ಖಾನೆಗಳ ಲೆಕ್ಕವೆಲ್ಲ ಆಗ ಸನ್, ಎಚ್‌ಪಿ, ಐಬಿಎಂ ಕಂಪನಿಗಳ ದುಬಾರಿ ಯಂತ್ರಗಳಲ್ಲಿತ್ತು. ಯಂತ್ರ ಯಾರದೋ ಅದನ್ನು ನಡೆಸುವ ವ್ಯವಸ್ಥೆಯಾದ ಯುನಿಕ್ಸೂ ಅವರದೇ. ಬಿಡಿಭಾಗ, ರಿಪೇರಿಗೂ ಅವರ ಬಾಗಿಲಿಗೇ ಹೋಗಬೇಕು.

ತಿರುವು ಬಂದದ್ದು 1998ರ ಜುಲೈನಲ್ಲಿ. ಇನ್‌ಫಾರ್ಮಿಕ್ಸ್ ಮತ್ತು ಒರಾಕಲ್ ಎರಡೂ ಕಂಪನಿಗಳು ತಮ್ಮ ಡೇಟಾಬೇಸನ್ನು (ಮಾಹಿತಿಯನ್ನು ಜೋಡಿಸಿಡುವ ತಂತ್ರಾಂಶವನ್ನು) ಲಿನಕ್ಸಿಗೆ ತರುವುದಾಗಿ ಒಂದೇ ತಿಂಗಳಲ್ಲಿ ಘೋಷಿಸಿದವು. ಮರುವರ್ಷದ ಆರಂಭದಲ್ಲಿ ಜರ್ಮನಿಯ ಸ್ಯಾಪ್ ಕೂಡ ಕಂಪನಿಗಳ ಲೆಕ್ಕ, ದಾಸ್ತಾನು ನೋಡಿಕೊಳ್ಳುವ ತನ್ನ ಆರ್/3 ತಂತ್ರಾಂಶ ಲಿನಕ್ಸಿನಲ್ಲಿ ಓಡುತ್ತದೆ ಎಂದಿತು. ಇವರಿಗೇನೂ ಮುಕ್ತ ತಂತ್ರಾಂಶದ, ಅಂದರೆ ಯಾರು ಬೇಕಾದರೂ ನೋಡಿ ತಿದ್ದಬಹುದಾದ ತಂತ್ರಾಂಶದ ಮೇಲೆ ಭಕ್ತಿ ಹುಟ್ಟಿರಲಿಲ್ಲ. ಇಂಟೆಲ್ ಚಿಪ್ಪಿನ ಅಗ್ಗದ ಸರ್ವರುಗಳು ಅಷ್ಟರಲ್ಲಿ ಗಟ್ಟಿಯಾಗಿದ್ದವು. ಗಿರಾಕಿ ಯಂತ್ರಕ್ಕೆ ಸುರಿಯುತ್ತಿದ್ದ ಹಣದಲ್ಲಿ ಒಂದಿಷ್ಟು ತಮ್ಮ ಕಡೆ ಹರಿದರೆ ಬೇಡವೆನ್ನುವವರು ಯಾರು? ಉಳಿತಾಯವಾದದ್ದು ಯಂತ್ರದಲ್ಲಿ. ಒರಾಕಲ್ ಪರವಾನಗಿಯ ಶುಲ್ಕ ಲಿನಕ್ಸಿಗೆ ಬಂದ ಮಾತ್ರಕ್ಕೆ ಮಾಯವಾಗಲಿಲ್ಲ. ಲಿನಕ್ಸನ್ನು ಸಿದ್ಧಪಡಿಸಿ ಕೊಡುವ ಕಂಪನಿ ರೆಡ್ ಹ್ಯಾಟ್ ಸಹ 2002ರಿಂದ ಕಂಪನಿಗಳಿಗೆಂದೇ ಬೇರೆ ಆವೃತ್ತಿ ಹೊರಡಿಸಿ, ವರ್ಷದ ಚಂದಾ ಪಡೆಯತೊಡಗಿತು. ‘ಪುಕ್ಕಟೆ’ ಎಂದಾಗ ಯಜಮಾನರಿಗೆ ನಾನು ಮೊದಲು ಹೇಳಿದ್ದು ಇದನ್ನೇ.

ವಿರೋಧವೂ ಇತ್ತು. 2001ರಲ್ಲಿ ಮೈಕ್ರೋಸಾಫ್ಟ್ ಮುಖ್ಯಸ್ಥ ಸ್ಟೀವ್ ಬಾಮರ್ ಲಿನಕ್ಸನ್ನು ಕ್ಯಾನ್ಸರಿಗೆ ಹೋಲಿಸಿದರು. ಅದೇ ಕಂಪನಿ 2017ರಲ್ಲಿ ತನ್ನ ಡೇಟಾಬೇಸಾದ ಎಸ್‌ಕ್ಯೂಎಲ್ ಸರ್ವರನ್ನು ಲಿನಕ್ಸಿಗೆ ತಂದು ಮಾರಿತು. ವ್ಯಾಪಾರದಲ್ಲಿ ಬೈಗುಳಕ್ಕೆ ಆಯುಸ್ಸು ಕಡಿಮೆ.

ಇನ್ನು ಸಾಗಣೆಯ ತೊಡಕು. ಸನ್ ಯಂತ್ರದ ಕಡತವನ್ನು ಇಂಟೆಲ್ ಯಂತ್ರಕ್ಕೆ ನಕಲು ಮಾಡಿದರೆ ಸಾಲದು. ಒಂದು ಚಿಪ್ಪು ಸಂಖ್ಯೆಯನ್ನು ದೊಡ್ಡ ಸ್ಥಾನದಿಂದ ಬರೆದಿಟ್ಟರೆ, ಇನ್ನೊಂದು ಬಿಡಿಸ್ಥಾನದಿಂದ ಬರೆಯುತ್ತದೆ. ಒಬ್ಬ ಗುಮಾಸ್ತ ಬರೆದ ಕಿರ್ದಿಯನ್ನು ಇನ್ನೊಬ್ಬ ತಲೆಕೆಳಗಾಗಿ ಓದಿದಂತೆ. ಹಾಗಾಗಿ ಎಲ್ಲವನ್ನೂ ಹೊರತೆಗೆದು ಮತ್ತೆ ತುಂಬಬೇಕಿತ್ತು; ದೊಡ್ಡ ಡೇಟಾಬೇಸಿಗೆ ದಿನಗಟ್ಟಲೆ ವಹಿವಾಟು ನಿಲ್ಲಿಸಬೇಕಿತ್ತು. ಒರಾಕಲ್ 10ಜಿ ಬಂದ ಮೇಲೆ ಕಡತಗಳನ್ನೇ ಪರಿವರ್ತಿಸುವ ದಾರಿ ತೆರೆಯಿತು.

ಒರಾಕಲ್ಲನ್ನೇ ಬಿಟ್ಟು ಮುಕ್ತ ಡೇಟಾಬೇಸಾದ ಪೋಸ್ಟ್‌ಗ್ರೆಸ್‌ಗೆ ಹೋಗುವವರಿಗೆ ಬೇರೆ ಪರೀಕ್ಷೆ. ಅಕ್ಷರವೇ ಇಲ್ಲದ ಖಾಲಿ ಪದವನ್ನು ಒರಾಕಲ್ ‘ಮಾಹಿತಿಯೇ ಇಲ್ಲ’ ಎಂದು ಓದುತ್ತದೆ. ಪೋಸ್ಟ್‌ಗ್ರೆಸ್‌ಗೆ ಅವೆರಡೂ ಬೇರೆ ಬೇರೆ. ವರದಿಯ ಮೊತ್ತ ಹತ್ತು ಸಾಲಿನಷ್ಟು ಹೆಚ್ಚುಕಡಿಮೆಯಾದಾಗಲೇ ಇದು ಗೊತ್ತಾಗುವುದು. ಲಿನಕ್ಸಿನಲ್ಲಿ ಕಡತದ ಹೆಸರಿನ ಇಂಗ್ಲಿಷ್ ದೊಡ್ಡಕ್ಷರ, ಸಣ್ಣಕ್ಷರಗಳೂ ಬೇರೆ ಬೇರೆ ಲೆಕ್ಕ. ವಿಂಡೋಸ್‌ನಲ್ಲಿ ಓಡುತ್ತಿದ್ದ ಮೈಎಸ್‌ಕ್ಯೂಎಲ್ ಎಂಬ ಡೇಟಾಬೇಸಿನ ಕೋಷ್ಟಕ ಇಲ್ಲಿ ‘ಸಿಗುತ್ತಿಲ್ಲ’ ಎನ್ನುತ್ತದೆ. ಆ ಗೊಡವೆಯೇ ಇಲ್ಲದ ಲಿಪಿ ನಮ್ಮದು, ಆದರೂ ಅದರ ತಂಟೆ ಮಾತ್ರ ನಮಗೂ ತಪ್ಪಲಿಲ್ಲ.

ನಮ್ಮದೇ ತಂಟೆ ಬೇರೆ ಇದೆ. ಅಂಗಡಿಯ ರೈತರ ಹೆಸರುಗಳೆಲ್ಲ ಹಳೆಯ ನುಡಿ ಅಕ್ಷರಶೈಲಿಯಲ್ಲಿವೆ. ಆ ಕಾಲದ ಕನ್ನಡ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದ್ದವು. ಪರದೆಯ ಮೇಲೆ ಕನ್ನಡ ಕಂಡರೂ ಡೇಟಾಬೇಸಿನೊಳಗೆ ಇರುವುದು ಅರ್ಥವಿಲ್ಲದ ಚಿಹ್ನೆಗಳ ಸಾಲು. ಎಲ್ಲ ಭಾಷೆಗಳ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಯುನಿಕೋಡ್‌ನಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು ಲಿನಕ್ಸ್ ಹುಟ್ಟಿದ 1991ರಲ್ಲೇ ಆದರೂ ಅಂಗಡಿಯ ಲೆಕ್ಕಕ್ಕೆ ಅದು ಬರಲು ತುಂಬ ತಡವಾಯಿತು. ಪರಿವರ್ತಿಸುವಾಗ ಸತಾಯಿಸುವುದು ಅರ್ಕಾವತ್ತು. ‘ಧರ್ಮಪ್ಪ’ ಎಂಬಲ್ಲಿ ಹಳೆಯ ಶೈಲಿ ಅರ್ಕಾವತ್ತನ್ನು ‘ಮ’ ಆದ ಮೇಲೆ ಇಡುತ್ತದೆ. ಯುನಿಕೋಡ್‌ನಲ್ಲಿ ‘ರ’ ಮೊದಲು ಬರಬೇಕು. ಪರಿವರ್ತಕ ಒಂದು ಕಡೆ ತಪ್ಪಿದರೆ ಒಬ್ಬ ರೈತನಿಗೆ ಎರಡು ಖಾತೆ. ನಾವು ಮೂರು ವಾರ ಕುಳಿತು ಹೆಸರುಗಳನ್ನು ಕಣ್ಣಲ್ಲೇ ತಾಳೆ ನೋಡಿದೆವು. ಲಿನಕ್ಸಿಗೆ ಹೋಗುವ ವೆಚ್ಚವನ್ನು ಯಾರಾದರೂ ಕೇಳಿದರೆ ನಾನು ಈ ಮೂರು ವಾರವನ್ನೇ ಮೊದಲು ಬರೆಯುತ್ತೇನೆ.

ಫಾಕ್ಸ್‌ಪ್ರೋ ಬಿಡದೆ ವಿಧಿಯಿಲ್ಲ: ಹೊಸ ಆವೃತ್ತಿ ಇಲ್ಲವೆಂದು ಮೈಕ್ರೋಸಾಫ್ಟ್ 2007ರಲ್ಲೇ ಹೇಳಿತ್ತು, ಬೆಂಬಲವೂ 2015ರಲ್ಲಿ ನಿಂತಿತು. ಅದೇ 2015ರಲ್ಲಿ ಕೇಂದ್ರ ಸರ್ಕಾರ ತನ್ನ ಕಚೇರಿಗಳಿಗೆ ಮುಕ್ತ ತಂತ್ರಾಂಶದ ನೀತಿ ತಂದಿತು. ಆದರೆ ಅಂಗಡಿಯ ಲೆಕ್ಕಪತ್ರ ತಂತ್ರಾಂಶ ಟ್ಯಾಲಿ ವಿಂಡೋಸಿಗಾಗಿ ಬರೆದದ್ದು. ಲಿನಕ್ಸ್ ಬಂದದ್ದು ಒಳಕೋಣೆಯ ಸರ್ವರಿಗೆ ಮಾತ್ರ. ಗಲ್ಲಾಪೆಟ್ಟಿಗೆಯ ಹತ್ತಿರ ಅದು ಸುಳಿಯಲಿಲ್ಲ. ಬಹುತೇಕ ಕಡೆಯೂ ಹೀಗೆಯೇ ಆಗಿದೆ, ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಲಿನಕ್ಸಿನಲ್ಲಿ ಹಲವು ಬಗೆ; ಹಾಗಾಗಿ ಯಾವ ಲಿನಕ್ಸ್ ಎಂಬ ಪ್ರಶ್ನೆಯೂ ಎದ್ದಿತು. ಚಂದಾ ಕಟ್ಟಲೊಲ್ಲದವರೆಲ್ಲ ವರ್ಷಗಟ್ಟಲೆ ನೆಚ್ಚಿಕೊಂಡದ್ದು ರೆಡ್ ಹ್ಯಾಟ್‌ನ ಪಡಿಯಚ್ಚಾದ ಸೆಂಟ್‌ಒಎಸ್ ಅನ್ನು. ರೆಡ್ ಹ್ಯಾಟನ್ನು ಐಬಿಎಂ 2019ರಲ್ಲಿ ಕೊಂಡಿತು. 2020ರ ಡಿಸೆಂಬರ್‌ನಲ್ಲಿ, ಸೆಂಟ್‌ಒಎಸ್ 8 ಇನ್ನೊಂದೇ ವರ್ಷ ಎಂಬ ಪ್ರಕಟಣೆ ಬಂತು. ನೆಚ್ಚಿದವರು ಕಂಗಾಲಾದರು. ರಾಕಿ, ಅಲ್ಮಾ ಎಂಬ ಹೊಸ ಪಡಿಯಚ್ಚುಗಳು ಬೆಳೆದದ್ದು ಆ ಸಿಟ್ಟಿನಲ್ಲೇ. ನಾವು ಡೆಬಿಯನ್ ಎಂಬ ಲಿನಕ್ಸ್ ಹಾಕಿದೆವು. ಅದಕ್ಕೆ ಮಾಲೀಕ ಕಂಪನಿ ಇಲ್ಲ, ಮಾರಾಟದ ಭಯವೂ ಇಲ್ಲ.

ಈಗ ಒಳಕೋಣೆಯಲ್ಲಿ ಪೋಸ್ಟ್‌ಗ್ರೆಸ್ ಓಡುತ್ತಿದೆ. ಹೊರಗೆ ಹಳೆಯ ಯಂತ್ರವೂ ತಕ್‌ಪಟ್ಟಿ ಹಾಕುತ್ತಲೇ ಇದೆ. ಸಂಜೆ ಗುಮಾಸ್ತರು ಎರಡರ ಮೊತ್ತವನ್ನೂ ಒಂದೇ ಹಾಳೆಯಲ್ಲಿ ಬರೆದು ಹೊಂದಿಸುತ್ತಾರೆ. ಎರಡು ತಿಂಗಳಿಂದ ಒಂದು ಪೈಸೆಯೂ ವ್ಯತ್ಯಾಸವಿಲ್ಲ. ಆದರೂ ಮಾರ್ಚ್ ಮುಗಿಯುವವರೆಗೆ ಹಳೆಯದನ್ನು ಮುಟ್ಟಬೇಡಿ ಎಂದಿದ್ದಾರೆ ಯಜಮಾನರು.